ಮೊದಲ ಗೂಡು, ಮೊದಲ ಶರ್ಯತ್ತು



ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯಲ್ಲಿ ಶರ್ಯತ್ತು ಅಂದರೆ ಸಾಕು, ಜನ ಕೈಯಲ್ಲಿದ್ದ ಕೆಲಸ ಬಿಟ್ಟು ಬರುತ್ತಾರೆ. ಜಾತ್ರೆ ಬಂತೆಂದರೆ ಎತ್ತಿನ ಗಾಡಿ ಓಡಬೇಕು, ಕುದುರೆ ಗಾಡಿ ಓಡಬೇಕು. ಮಾಳಿಗೆಯ ಮೇಲೆ ಪಾರಿವಾಳ ಸಾಕುವವರೂ ಇಲ್ಲಿ ಹೊಸಬರಲ್ಲ. ಆದರೆ ನಮ್ಮಲ್ಲಿ ಬಹಳ ಜನಕ್ಕೆ ಪರಿಚಯವಿರುವುದು ಗಿರೆಬಾಜ. ಬೆಳಿಗ್ಗೆ ಬಿಟ್ಟರೆ ಅದು ಮನೆಯ ಮೇಲೆಯೇ ಎತ್ತರಕ್ಕೆ ಏರುತ್ತದೆ. ಎಷ್ಟು ತಾಸು ಇಳಿಯದೆ ಹಾರಿತು ಎಂಬುದರ ಮೇಲೆ ಗೆಲುವು. ಇವತ್ತು ನಾನು ಮಾತಾಡುವುದು ಹೋಮರ್ ಪಾರಿವಾಳದ ಬಗ್ಗೆ. ಇದನ್ನು ದೂರದ ಊರಿಗೆ ಒಯ್ದು ಬಿಟ್ಟರೆ ನೇರ ತನ್ನ ಗೂಡಿಗೇ ಬರುತ್ತದೆ. ಬೆಂಗಳೂರು, ಚೆನ್ನೈ, ಕೋಲ್ಕತ್ತಗಳಲ್ಲಿ ಇದರ ಪಂದ್ಯಗಳು ದಶಕಗಳಿಂದ ನಡೆದಿವೆ. ನಮ್ಮ ಕಡೆಯ ಹುಡುಗರೂ ಈಗ ಹೋಮರ್ ತರುತ್ತಿದ್ದಾರೆ. ತಂದ ಮೊದಲ ವಾರದಲ್ಲೇ ಒಂದು ಪ್ರಶ್ನೆ ಏಳುತ್ತದೆ: ಯಾವ ಪದ್ಧತಿಯಲ್ಲಿ ಹಾರಿಸಬೇಕು?

ಅಂಕಲಿ ಕಡೆಯ ಒಬ್ಬ ಹುಡುಗ ಹೀಗೇ ಕೇಳಿದ್ದ. "ಕಾಕಾ, ಗಂಡು ಹೆಣ್ಣು ಬ್ಯಾರೆ ಬ್ಯಾರೆ ಇಟ್ಟು ಹಾರಿಸಿದ್ರ ಭಾಳ ಜೋರ ಬರ್ತಾವಂತ. ನಾನೂ ಹಂಗ ಮಾಡ್ಲೇನ್ರಿ?"

"ತಮ್ಮಾ, ಮುಂಜಾನಿ ಎಷ್ಟಕ್ಕ ಮನಿ ಬಿಡ್ತಿ?" ಎಂದೆ.

"ಕಬ್ಬಿನ ಹಂಗಾಮಿನಾಗ ಐದಕ್ಕ ಟ್ರ್ಯಾಕ್ಟರ್ ಹೊಡ್ಕೊಂಡು ಹೋಗ್ತೀನ್ರಿ. ತಿರುಗಿ ಬರೂದು ಹೇಳಾಕ ಆಗೂದಿಲ್ಲ. ಕಾರ್ಖಾನಿ ಮುಂದ ಪಾಳೆ ಹೆಂಗಿರ್ತೈತಿ, ಹಂಗ."

ಅವನ ಪ್ರಶ್ನೆಗೆ ಉತ್ತರ ಈ ಮಾತಿನಲ್ಲೇ ಇತ್ತು. ಪದ್ಧತಿಯನ್ನು ಹಕ್ಕಿಯ ವೇಗ ನೋಡಿ ಆರಿಸುವುದಲ್ಲ, ಸಾಕುವವನ ದಿನಚರಿ ನೋಡಿ ಆರಿಸಬೇಕು. ಈ ಮಾತನ್ನು ನಾನು ಯಾಕೆ ಇಷ್ಟು ಗಟ್ಟಿಯಾಗಿ ಹೇಳುತ್ತೇನೆ ಎಂಬುದನ್ನು ಬಿಡಿಸಿ ಹೇಳಬೇಕು.

ಮೊದಲು ಪಂದ್ಯದ ಲೆಕ್ಕ ತಿಳಿಯೋಣ. ಎಲ್ಲರ ಹಕ್ಕಿಗಳನ್ನು ಒಂದೇ ಊರಿನಿಂದ ಒಂದೇ ಗಳಿಗೆಗೆ ಬಿಡುತ್ತಾರೆ. ಸೇರುವ ಗೂಡುಗಳು ಮಾತ್ರ ಬೇರೆ ಬೇರೆ ಊರಲ್ಲಿ. ಹಾಗಾಗಿ ಮೊದಲು ಮುಟ್ಟಿದ್ದೇ ಗೆದ್ದಿತು ಎನ್ನುವಂತಿಲ್ಲ. ಬಿಟ್ಟ ಜಾಗದಿಂದ ಗೂಡಿಗೆ ಇರುವ ನೇರ ಅಂತರವನ್ನು ಹಾರಿದ ನಿಮಿಷಗಳಿಂದ ಭಾಗಿಸುತ್ತಾರೆ. ನಿಮಿಷಕ್ಕೆ ಎಷ್ಟು ಮೀಟರ್ ಎಂಬುದೇ ಅಂಕ. ಸೊಲ್ಲಾಪುರದಲ್ಲಿ ಬಿಟ್ಟರೆಂದು ಇಟ್ಟುಕೊಳ್ಳಿ. ಹಕ್ಕಿ ಹಾರುವ ನೇರಕ್ಕೆ ಅಥಣಿ ಸುಮಾರು 137 ಕಿಲೋಮೀಟರ್, ನಿಪ್ಪಾಣಿ ಸುಮಾರು 214. ಅಥಣಿಯ ಹಕ್ಕಿ 2 ತಾಸು 20 ನಿಮಿಷಕ್ಕೆ ಮನೆ ಸೇರಿತು. ನಿಮಿಷಕ್ಕೆ 979 ಮೀಟರ್ ಆಯಿತು. ನಿಪ್ಪಾಣಿಯದು ಮೂರೂವರೆ ತಾಸಿಗೆ ಬಂತು. ನಿಮಿಷಕ್ಕೆ 1019 ಮೀಟರ್. ಒಂದು ತಾಸಿಗೂ ಮೀರಿ ತಡವಾಗಿ ಬಂದ ನಿಪ್ಪಾಣಿಯ ಹಕ್ಕಿಯೇ ಗೆದ್ದಿತು. ಹೀಗಿರುವಾಗ ಒಂದೊಂದು ನಿಮಿಷಕ್ಕೂ ಬೆಲೆಯಿದೆ. ಚಿಕ್ಕೋಡಿಗೆ ಅದೇ ಸೊಲ್ಲಾಪುರದಿಂದ ಸುಮಾರು 195 ಕಿಲೋಮೀಟರ್. ಮೂರೂ ಕಾಲು ತಾಸಿನಲ್ಲಿ ಬಂದ ಹಕ್ಕಿಗೆ ನಿಮಿಷಕ್ಕೆ ಸರಿಯಾಗಿ 1000 ಮೀಟರ್ ಸಿಗುತ್ತದೆ. ಅದೇ ಹಕ್ಕಿ ಮಾಳಿಗೆಯ ಅಂಚಿನ ಮೇಲೆ ಹತ್ತು ನಿಮಿಷ ಕುಳಿತು ರೆಕ್ಕೆ ಕೆದರಿಕೊಂಡು ಒಳಗೆ ಹೋದರೆ ಅಂಕ 951ಕ್ಕೆ ಇಳಿಯುತ್ತದೆ. ಆಕಾಶದಲ್ಲಿ ಗೆದ್ದದ್ದನ್ನು ಮಾಳಿಗೆಯ ಮೇಲೆ ಕಳೆದಂತೆ.

ದಾರಿ ಹಕ್ಕಿಗೆ ಗೊತ್ತಿರುತ್ತದೆ. ಸೂರ್ಯನ ಸ್ಥಾನ, ಭೂಮಿಯ ಕಾಂತಶಕ್ತಿ, ಗಾಳಿಯಲ್ಲಿ ಬರುವ ವಾಸನೆ, ಇವೆಲ್ಲ ಅದಕ್ಕೆ ದಿಕ್ಕು ತೋರುತ್ತವೆ ಎಂದು ವಿಜ್ಞಾನಿಗಳು ಪರೀಕ್ಷೆ ಮಾಡಿ ಹೇಳಿದ್ದಾರೆ. ಪರಿಚಯದ ಸೀಮೆಗೆ ಬಂದ ಮೇಲೆ ಪಾರಿವಾಳಗಳು ನಮ್ಮ ಹಾಗೆ ರಸ್ತೆ ಹಿಡಿದೇ ಸಾಗುವುದನ್ನು ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದವರು ಹಕ್ಕಿಯ ಬೆನ್ನಿಗೆ ಜಿಪಿಎಸ್ ಕಟ್ಟಿ ಕಂಡಿದ್ದಾರೆ. ದಾರಿಯನ್ನು ನಾವು ಕಲಿಸುವುದಿಲ್ಲ. ಬೇಗ ಬರಬೇಕೆಂಬ ಆಸೆ ಹುಟ್ಟಿಸುವುದಷ್ಟೇ ನಮ್ಮ ಕೈಲಿರುವುದು. ಹಸಿವು, ಜೋಡಿ, ತತ್ತಿ, ಮರಿ, ಗೂಡಿನೊಳಗಿನ ತನ್ನ ಖಾನೆ: ಇವೇ ಆ ಆಸೆಗಳು. ಯಾವ ಆಸೆಯನ್ನು ಬಲಪಡಿಸುತ್ತೀರಿ ಎಂಬುದಕ್ಕೇ ಪದ್ಧತಿ ಎನ್ನುವುದು.

ಒಡಿಶಾ ಪೊಲೀಸರು ಇದನ್ನು ಚೆನ್ನಾಗಿ ಅರಿತಿದ್ದರು. 1946ರಲ್ಲಿ ಸೇನೆಯಿಂದ ಪಡೆದ ಪಾರಿವಾಳಗಳಿಂದ ಅಲ್ಲಿ ಅಂಚೆ ಸೇವೆ ಆರಂಭವಾಯಿತು. 1948ರ ಏಪ್ರಿಲಿನಲ್ಲಿ ಸಂಬಲಪುರದಲ್ಲಿದ್ದ ಪ್ರಧಾನಿ ನೆಹರೂ ಅವರ ಸಂದೇಶವನ್ನು ಕಟಕಕ್ಕೆ ಮುಟ್ಟಿಸಿದ್ದು ಒಂದು ಪಾರಿವಾಳ. 1982ರ ಪ್ರವಾಹದಲ್ಲಿ, 1999ರ ಮಹಾ ಚಂಡಮಾರುತದಲ್ಲಿ ತಂತಿ ದೂರವಾಣಿ ಕೆಟ್ಟಾಗ ಈ ಹಕ್ಕಿಗಳು ಕೆಲಸ ಮಾಡಿದವು. 2019ರಲ್ಲಿ ಕೃಷ್ಣೆ ಏರಿ ಬಂದಾಗ ಊರಿಗೆ ಊರೇ ಸಂಪರ್ಕ ಕಡಿದುಕೊಂಡದ್ದನ್ನು ಕಂಡ ನಮಗೆ ಆ ಕೆಲಸದ ಬೆಲೆ ಬೇರೆಯವರಿಗಿಂತ ಚೆನ್ನಾಗಿ ಗೊತ್ತು. ಆ ಪೊಲೀಸರು ಕೆಲವು ಹಕ್ಕಿಗಳನ್ನು ಒಂದೂರಲ್ಲಿ ಸಾಕಿ ಇನ್ನೊಂದೂರಲ್ಲಿ ಮೇವು ಹಾಕಿ ರೂಢಿ ಮಾಡಿಸಿದ್ದರು. ಮೇವಿನ ಆಸೆಗೆ ಹೋಗುವುದು, ಮನೆಯ ಆಸೆಗೆ ಮರಳುವುದು. ಇದೂ ಒಂದು ಪದ್ಧತಿಯೇ.

ಈಗ ಹೊಸ ಗೂಡಿಗೆ ಬರೋಣ. ಮೊದಲ ವರ್ಷ ನಿಮಗೆ ಪದ್ಧತಿಯ ಚಿಂತೆಯೇ ಇಲ್ಲ. ಯಾಕೆಂದರೆ ಮೊದಲ ವರ್ಷ ನೀವು ಹಾರಿಸುವುದು ಬರೀ ಮರಿಗಳನ್ನು. ದೊಡ್ಡ ಹಕ್ಕಿಯನ್ನು ಮೀರಜದಿಂದಲೋ ಕೊಲ್ಲಾಪುರದಿಂದಲೋ ಕೊಂಡು ತಂದರೆ, ಬಾಗಿಲು ತೆಗೆದ ದಿನವೇ ಅದು ತನ್ನ ಹಳೆಯ ಮಾಲೀಕನ ಮಾಳಿಗೆಯ ಮೇಲೆ ಕೂತಿರುತ್ತದೆ. ಅಂಥ ಹಕ್ಕಿಯನ್ನು ಮರಿ ಮಾಡಲು ಒಳಗೇ ಇಟ್ಟುಕೊಳ್ಳಬೇಕು, ಹೊರಗೆ ಬಿಡುವಂತಿಲ್ಲ. ಹಾರಿಸಲು ಬೇಕಾದ್ದು ಇಪ್ಪತ್ತೆಂಟು ಮೂವತ್ತು ದಿನದ ಮರಿ, ಹೊರಗೆ ಒಮ್ಮೆಯೂ ಹಾರದ್ದು, ಕಾಲಿಗೆ ಆ ವರ್ಷದ ರಿಂಗು ಇರುವುದು. ಆ ರಿಂಗು ಮರಿಗೆ ವಾರವಾಗುವ ಹೊತ್ತಿಗೆ ಹಾಕಿದ್ದಿರುತ್ತದೆ. ಆಮೇಲೆ ಪಾದ ಬೆಳೆದು ಹಾಕಲೂ ಬರುವುದಿಲ್ಲ, ತೆಗೆಯಲೂ ಬರುವುದಿಲ್ಲ. ಅದರಿಂದಲೇ ವಯಸ್ಸು ಗೊತ್ತಾಗುವುದು. ಈ ಮರಿಗಳಿಗೆ ಡಬ್ಬಿಯ ಸದ್ದು, ಸೀಟಿ, ಕಾಳು, ಅಷ್ಟು ಸಾಕು. ಸಂಜೆ ಹಾರಿಸಿ, ಡಬ್ಬಿ ಅಲ್ಲಾಡಿಸಿದ ಕೂಡಲೇ ಒಳಗೆ ಬರುವುದನ್ನು ರೂಢಿ ಮಾಡಿಸಿ. ಈ ಒಂದು ರೂಢಿ ಕೂಡಿಬಂದರೆ ಮಾಳಿಗೆಯ ಮೇಲೆ ಕಳೆಯುವ ಆ ಹತ್ತು ನಿಮಿಷ ಉಳಿಯಿತು.

ಎರಡನೆಯ ವರ್ಷ ಆ ಮರಿಗಳೇ ಜೋಡಿಯಾಗುತ್ತವೆ. ಆಗ ನನ್ನ ಸಲಹೆ ಒಂದೇ: ಜೋಡಿ ಪದ್ಧತಿ. ಗಂಡು ಹೆಣ್ಣು ಕೂಡಿಯೇ ಇರಲಿ, ತತ್ತಿ ಇಡಲಿ, ಕಾವು ಕೊಡಲಿ, ಮರಿ ಸಾಕಲಿ. ಪಂದ್ಯಕ್ಕೆ ಎರಡನ್ನೂ ಸರದಿಯ ಮೇಲೆ ಕಳಿಸಿ.

ಇದರ ಒಳಗುಟ್ಟು ಪಾರಿವಾಳದ ಸಂಸಾರದಲ್ಲಿದೆ. ಜೋಡಿ ಹಾಕಿದ ಎಂಟು ಹತ್ತು ದಿನಕ್ಕೆ ಹೆಣ್ಣು ಸಂಜೆಯ ಹೊತ್ತಿಗೆ ಮೊದಲ ತತ್ತಿ ಇಡುತ್ತದೆ. ಒಂದು ದಿನ ಬಿಟ್ಟು ಮಾರನೆಯ ಮಧ್ಯಾಹ್ನ ಎರಡನೆಯದು. ಎರಡನೆಯ ತತ್ತಿ ಬಿದ್ದ ಮೇಲೆ ಕಾವು ಗಟ್ಟಿಯಾಗುತ್ತದೆ, ಅಲ್ಲಿಂದ ಹದಿನೇಳು ಹದಿನೆಂಟು ದಿನಕ್ಕೆ ಮರಿ. ಕಾವಿಗೆ ಇಬ್ಬರದೂ ಪಾಳಿ ಇದೆ. ಮುಂಜಾನೆ ಹತ್ತರ ಸುಮಾರಿಗೆ ಗಂಡು ಬಂದು ಕೂರುತ್ತದೆ, ಇಳಿಹೊತ್ತು ನಾಲ್ಕರ ತನಕ ಅದರದೇ ಪಾಳಿ. ಉಳಿದ ಹೊತ್ತು, ಇಡೀ ರಾತ್ರಿ, ಹೆಣ್ಣಿನದು. ಈ ಪಾಳಿ ಬದಲುವುದನ್ನು ಒಮ್ಮೆ ಹತ್ತಿರ ಕೂತು ನೋಡಬೇಕು. ಗಂಡು ಖಾನೆಯ ಅಂಚಿಗೆ ಬಂದು ನಿಂತು ಗುಟುರು ಹಾಕುತ್ತದೆ. ಹೆಣ್ಣು ತಕ್ಷಣ ಏಳುವುದಿಲ್ಲ. ಗಂಡು ಎದೆಯಿಂದ ಮೆಲ್ಲಗೆ ಒತ್ತುತ್ತ ಪಕ್ಕಕ್ಕೆ ಸೇರಿಕೊಂಡ ಮೇಲೆ ಅದು ತತ್ತಿಗೆ ಕಾಲು ತಾಗದ ಹಾಗೆ ಹಿಂದೆ ಸರಿದು ಇಳಿಯುತ್ತದೆ. ಇಳಿದದ್ದೇ ನೀರಿಗೆ, ಕಾಳಿಗೆ ಹಾರುತ್ತದೆ. ಗಂಡು ಕೊಕ್ಕಿನಿಂದ ಎರಡೂ ತತ್ತಿಗಳನ್ನು ಹೊಟ್ಟೆಯಡಿಗೆ ಎಳೆದುಕೊಂಡು ಕೂರುತ್ತದೆ.

ಈ ಪಾಳಿಯ ಮೇಲೆ ಪಂದ್ಯದ ಲೆಕ್ಕ ಕೂಡಿಸಬೇಕು. ಹತ್ತು ದಿನ ಕಾವು ಕೊಟ್ಟ ಹಕ್ಕಿ ಗೂಡಿಗೆ ಮರಳಲು ತವಕಿಸುತ್ತದೆ. ಹಾಗಾದರೆ ಪಂದ್ಯದ ದಿನದಿಂದ ಹಿಂದಕ್ಕೆ ಎಣಿಸಿ ಸುಮಾರು ಮೂರು ವಾರ ಮೊದಲು ಜೋಡಿ ಹಾಕಿ. ಒಂಬತ್ತನೆಯ ದಿನಕ್ಕೆ ತತ್ತಿ, ಹನ್ನೊಂದಕ್ಕೆ ಎರಡನೆಯದು, ಇಪ್ಪತ್ತೊಂದಕ್ಕೆ ಹತ್ತು ದಿನದ ಕಾವು. ಮೂರು ನಾಲ್ಕು ದಿನದ ಮರಿ ಇದ್ದಾಗ ಕೆಲವು ಹೆಣ್ಣುಗಳು ಇನ್ನೂ ಜೋರಾಗಿ ಬರುತ್ತವೆ. ಆಗ ಮನೆಯಲ್ಲಿರುವ ಗಂಡು ಮರಿಗೆ ಗುಟುಕು ಕೊಡುತ್ತಿರಬೇಕು. ಪಾರಿವಾಳದಲ್ಲಿ ಗಂಡು ಹೆಣ್ಣು ಇಬ್ಬರ ಗಂಟಲ ಚೀಲದಲ್ಲೂ ಹಾಲು ಹುಟ್ಟುತ್ತದೆ ಎಂಬುದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಮರಿ ಹೊರಬರುವ ಎರಡು ಮೂರು ದಿನ ಮೊದಲೇ ಅದು ಕೂಡಿಕೊಳ್ಳುತ್ತದೆ. ತತ್ತಿ ಕೆಟ್ಟು ಮರಿ ಆಗದಿದ್ದರೆ ಆ ಹಾಲು ಕುಡಿಯಲು ಮರಿಯೇ ಇರುವುದಿಲ್ಲ. ಅಂಥ ಜೋಡಿಗೆ ಬೇರೆ ಗೂಡಿನ ಮರಿಯೊಂದನ್ನು ಕೊಡಬೇಕು. ಇನ್ನೊಂದು ಎಚ್ಚರ: ತತ್ತಿ ಇಡಲಿರುವ ಹೆಣ್ಣನ್ನು ಯಾವ ಕಾರಣಕ್ಕೂ ಬುಟ್ಟಿಗೆ ಹಾಕಬೇಡಿ. ಒಂದೇ ಜೋಡಿಯ ಎರಡನ್ನೂ ಒಂದೇ ದಿನ ಕಳಿಸಬೇಡಿ, ತತ್ತಿ ತಣ್ಣಗಾಗುತ್ತದೆ. ಪಂದ್ಯದಲ್ಲಿ ಒಂದು ಬಾರದೆ ಹೋದರೆ ಅದರ ಖಾನೆ ಅರ್ಧಕ್ಕೆ ನಿಲ್ಲುತ್ತದೆ. ಅದಕ್ಕೇ ಒಳಗಿಟ್ಟ ಒಂದೆರಡು ಜೋಡಿಗೆ ಅದೇ ದಿನಗಳಲ್ಲಿ ಕಾವು ಕೂಡಿಬರುವ ಹಾಗೆ ನೋಡಿಕೊಂಡರೆ ತತ್ತಿ ಅವುಗಳ ಕೆಳಗೆ ಸರಿಸಬಹುದು.

ಇನ್ನು ಆ ಹುಡುಗ ಕೇಳಿದ ಪದ್ಧತಿ. ಬೆಲ್ಜಿಯಂ ದೇಶದವರು ಅದನ್ನು ಪಳಗಿಸಿದರು. ನಮ್ಮ ಹವ್ಯಾಸಿಗಳು ವಿಡೋಹುಡ್ ಎಂದೇ ಕರೆಯುತ್ತಾರೆ. ಜೋಡಿ ಹಾಕಿ, ಒಂದು ಮರಿ ಸಾಕಿಸಿ, ಮತ್ತೆ ಹತ್ತು ದಿನ ಕಾವಿಗೆ ಕೂರಿಸಿ, ಆಮೇಲೆ ಹೆಣ್ಣನ್ನು ಕಣ್ಣಿಗೂ ಕಿವಿಗೂ ಬೀಳದ ಕಡೆ ಒಯ್ದು ಇಡುತ್ತಾರೆ. ಗಂಡು ತನ್ನ ಖಾನೆಯಲ್ಲಿ ಒಂಟಿ. ದಿನಕ್ಕೆ ಎರಡು ಸಲ, ಗಡಿಯಾರ ತಪ್ಪದಂತೆ, ಒಂದೊಂದು ತಾಸು ಹಾರಾಟ. ಪಂದ್ಯಕ್ಕೆ ಬುಟ್ಟಿಗೆ ಹಾಕುವ ಮೊದಲು ಕೆಲವೇ ನಿಮಿಷ ಹೆಣ್ಣಿನ ದರ್ಶನ. ಮರಳಿ ಬಂದಾಗ ಖಾನೆಯಲ್ಲಿ ಹೆಣ್ಣು ಕಾದಿರಬೇಕು. ಎರಡನ್ನೂ ಅಗಲಿಸಿ ಎರಡನ್ನೂ ಹಾರಿಸುವ ಇನ್ನೊಂದು ಬಗೆಯೂ ಇದೆ, ಅದಕ್ಕೆ ಗಂಡಿಗೊಂದು ಹೆಣ್ಣಿಗೊಂದು ಪ್ರತ್ಯೇಕ ಕೋಣೆ ಬೇಕು, ಹಾರಾಟವೂ ಬೇರೆ ಬೇರೆ ಹೊತ್ತಿಗೆ. ಹೆಣ್ಣು ಹಿಂದೆ ಬೀಳುವುದಿಲ್ಲ ಎಂಬುದಕ್ಕೆ ಸಾಕ್ಷಿ ಬೇಕೆಂದರೆ, 2020ರ ನವೆಂಬರಿನಲ್ಲಿ ಬೆಲ್ಜಿಯಂನ ಹರಾಜಿನಲ್ಲಿ 16 ಲಕ್ಷ ಯೂರೋಗೆ ಮಾರಾಟವಾದ 'ನ್ಯೂ ಕಿಮ್' ಹೆಣ್ಣು ಪಾರಿವಾಳವೇ.

ಪದ್ಧತಿ ಒಳ್ಳೆಯದು, ನಾನು ತೆಗಳುವುದಿಲ್ಲ. ಆದರೆ ಅದು ಹುಟ್ಟಿದ್ದು ವಾರ ವಾರವೂ ಪಂದ್ಯ ನಡೆಯುವ ನಾಡಿನಲ್ಲಿ. ವಾರಕ್ಕೊಮ್ಮೆ ಹೆಣ್ಣು ಸಿಗುತ್ತದೆ ಎಂಬ ರೂಢಿಯ ಮೇಲೆ ಇಡೀ ಏರ್ಪಾಡು ನಿಂತಿದೆ. ತಿಂಗಳಿಗೊಂದು ಪಂದ್ಯ ಆಗುವುದೇ ಕಷ್ಟವಿರುವ ಕಡೆ ಗಂಡು ಕಾದು ಕಾದು ಆಸೆಯನ್ನೇ ಬಿಟ್ಟುಬಿಡುತ್ತದೆ. ಇನ್ನು ಗಡಿಯಾರದ ವಿಷಯ. ನಮ್ಮಲ್ಲಿ ಹಕ್ಕಿ ದೂರ ಹಾರಿಸಲು ಯೋಗ್ಯವಾದ ತಂಪು ದಿನಗಳು ಚಳಿಗಾಲದಿಂದ ಮಾರ್ಚಿನ ತನಕ. ಕಬ್ಬು ನುರಿಸುವ ಹಂಗಾಮೂ ಅದೇ. ಸಕ್ಕರೆ ಕಾರ್ಖಾನೆಯ ಪಾಳಿ, ಟ್ರ್ಯಾಕ್ಟರಿನ ಸಾಲು, ಬೆಲ್ಲದ ಗಾಣ, ತಂಬಾಕಿನ ಕೊಯ್ಲು, ಯಾವುದರಲ್ಲಿ ಇದ್ದರೂ ಬೆಳಿಗ್ಗೆ ಏಳು, ಸಂಜೆ ಐದು ಎಂದು ನಿಯಮ ಹಿಡಿಯಲು ಸಾಧ್ಯವಿಲ್ಲ. ಜೋಡಿ ಪದ್ಧತಿಯಲ್ಲಿ ಒಂದು ದಿನ ನೀವು ತಡವಾದರೆ ತಾಯಿಯೋ ತಂಗಿಯೋ ಬಾಗಿಲು ತೆಗೆದರೂ ನಡೆಯುತ್ತದೆ. ಹಕ್ಕಿಗೆ ತನ್ನ ತತ್ತಿಯೇ ಗಡಿಯಾರ.

ಯುರೋಪಿನಲ್ಲಿ ಗೂಡು ಕತ್ತಲು ಮಾಡಿ ಪುಕ್ಕ ಉದುರುವುದನ್ನು ಮುಂದೂಡುವ ಉಪಾಯವೂ ಇದೆ. ಬೆಲ್ಜಿಯಂನಲ್ಲಿ ಚಳಿಗಾಲದ ಹಗಲು ಎಂಟು ತಾಸು, ಬೇಸಿಗೆಯಲ್ಲಿ ಹದಿನಾರು ಮೀರುತ್ತದೆ, ಅದಕ್ಕೆ ಅಲ್ಲಿ ಅದು ಹೊಂದುತ್ತದೆ. ನಮ್ಮ ಅಕ್ಷಾಂಶದಲ್ಲಿ ವರ್ಷದ ಅತಿ ದೊಡ್ಡ ಹಗಲಿಗೂ ಅತಿ ಸಣ್ಣ ಹಗಲಿಗೂ ಹೆಚ್ಚೆಂದರೆ ಎರಡು ತಾಸಿನ ಅಂತರ. ಮೇಲಾಗಿ ಪರದೆ ಮುಚ್ಚಿದ ಗೂಡಿನೊಳಗೆ ನಮ್ಮ ಸೆಖೆಗೆ ಹಕ್ಕಿ ಬೆಂದುಹೋಗುತ್ತದೆ. ಆ ಗೋಜು ನಮಗೆ ಬೇಡ.

ಗೂಡಿನ ಮಾತು ಊರಿಂದ ಊರಿಗೆ ಬೇರೆ. ನಿಪ್ಪಾಣಿ ಘಟ್ಟಕ್ಕೆ ಹತ್ತಿರ, ಮಳೆ ಜಾಸ್ತಿ, ಅಲ್ಲಿ ತೇವವೇ ಶತ್ರು. ನೆಲದಿಂದ ಎರಡು ಅಡಿ ಎತ್ತರಿಸಿ, ಪಡುವಣದ ಗೋಡೆ ಪೂರ್ತಿ ಮುಚ್ಚಿ ಕಟ್ಟಬೇಕು. ಅಥಣಿ ಒಣ ಸೀಮೆ, ಅಲ್ಲಿ ತಗಡಿನ ಬಿಸಿಯೇ ಶತ್ರು. ಮೇಲೆ ಕಬ್ಬಿನ ರವದಿ ಹೊದಿಸಿ, ಗಾಳಿ ಆಡಲು ಎತ್ತರದಲ್ಲಿ ಕಿಂಡಿ ಬಿಡಬೇಕು. ಎಲ್ಲಿಯಾದರೂ ಮುಖ ಮೂಡಣಕ್ಕಿರಲಿ. ಆರು ಜೋಡಿಗೆ ಎಂಟು ಅಡಿ ಉದ್ದ, ಆರು ಅಡಿ ಅಗಲ ಸಾಕು. ಅದಕ್ಕೂ ಹೆಚ್ಚು ತುಂಬಬೇಡಿ, ರೋಗ ಬರುವುದು ಕಿಕ್ಕಿರಿದ ಗೂಡಿಗೆ. ನಿಪ್ಪಾಣಿಯವರ ಕೈಯಲ್ಲಿ ಒಂದು ಭಾಗ್ಯವಿದೆ. ಪಾಶ್ಚಾತ್ಯ ದೇಶಗಳಲ್ಲಿ ಪಾರಿವಾಳದವರು ಹೇನು ಹತ್ತದಿರಲೆಂದು ದುಡ್ಡು ಕೊಟ್ಟು ತಂಬಾಕಿನ ಒಣ ಕಡ್ಡಿ ಕೊಂಡು ತತ್ತಿಯ ಕೆಳಗೆ ಹಾಸುತ್ತಾರೆ. ಎಲೆ ಬಿಡಿಸಿದ ಮೇಲೆ ನೀವು ಬಿಸಾಡುವ ಕಡ್ಡಿಯೇ ಅದು. ಒಂದು ಹಿಡಿ ಗೂಡಿನ ಮೂಲೆಗೆ ಹಾಕಿ, ಗಂಡು ಒಂದೊಂದನ್ನೇ ಆರಿಸಿ ಕಚ್ಚಿಕೊಂಡು ಹೆಣ್ಣಿಗೆ ಒಯ್ದು ಕೊಡುತ್ತದೆ.

ಮೇವು ನಮ್ಮ ಹೊಲದ್ದೇ ಸಾಕು: ಜೋಳ, ಸಜ್ಜೆ, ಗೋವಿನಜೋಳ, ಕಡಲೆ, ಹೆಸರು, ಚೂರು ಕುಸುಬಿ. ಕಾವು, ಮರಿಯ ದಿನಗಳಲ್ಲಿ ಬೇಳೆಕಾಳು ಹೆಚ್ಚಿರಲಿ. ದೂರದ ಪಂದ್ಯಕ್ಕೆ ಮೊದಲು ಗೋವಿನಜೋಳ, ಕುಸುಬಿ ಹೆಚ್ಚಿಸಿ. ಒಂದು ಹಕ್ಕಿಗೆ ದಿನಕ್ಕೆ ಸುಮಾರು 30 ಗ್ರಾಂ. ಆರು ಜೋಡಿ, ಹತ್ತು ಮರಿ ಇದ್ದರೆ ತಿಂಗಳಿಗೆ 20 ಕಿಲೋ. ಮನೆಯ ಖರ್ಚಿನಲ್ಲಿ ಇದನ್ನು ಮೊದಲೇ ಎಣಿಸಿಡಿ. ಹೊತ್ತಿಗೆ ಸರಿಯಾಗಿ ಕಾಳು ಹಾಕದಿದ್ದರೆ ಹಕ್ಕಿ ಹೊಲಕ್ಕೆ ಇಳಿಯುತ್ತದೆ, ಅಲ್ಲಿ ಬಿತ್ತನೆಯ ದಿನಗಳಲ್ಲಿ ವಿಷ ಸವರಿದ ಬೀಜ ಬಿದ್ದಿರುತ್ತದೆ. ಒಂದು ಇಳಿದರೆ ಉಳಿದವೂ ಬೆನ್ನು ಹತ್ತುತ್ತವೆ. ಹೀಗೆ ಒಂದೇ ಮುಂಜಾನೆ ಗೂಡು ಖಾಲಿಯಾದದ್ದನ್ನು ಕಂಡಿದ್ದೇನೆ. ಗೂಡು ಗುಡಿಸುವಾಗ ಮೂಗಿಗೆ ಮಾಸ್ಕ್ ಕಟ್ಟಿ. ಹಿಕ್ಕೆ, ಪುಕ್ಕದ ಧೂಳು ವರ್ಷಗಟ್ಟಲೆ ಒಳಗೆ ಹೋದರೆ ಶ್ವಾಸಕೋಶ ಕೆಡುತ್ತದೆ. ದಮ್ಮು ಇರುವವರ ಮನೆಯ ಮೇಲೆ ಗೂಡು ಬೇಡವೇ ಬೇಡ.

ಚಳಿಗಾಲಕ್ಕೆ ಡೇಗೆ ಬರುತ್ತದೆ. ಅದು ಎರಡು ಹಕ್ಕಿ ಒಯ್ದರೂ ಅದರ ಮೇಲೆ ಕಲ್ಲು, ಬಂದೂಕು ಎತ್ತಬಾರದು. ಕಾನೂನು ಅದನ್ನು ಕಾಯುತ್ತದೆ, ನಾವೂ ಕಾಯಬೇಕು. ಹಾರಾಟದ ಹೊತ್ತನ್ನು ಬದಲಿಸುತ್ತ ಇರಿ. ಗಾಳಿಪಟದ ನೈಲಾನ್ ಮಾಂಜಾ ಡೇಗೆಗಿಂತ ಕೆಟ್ಟದ್ದು. 2017ರಲ್ಲೇ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದೇಶಕ್ಕೆಲ್ಲ ನಿಷೇಧ ಹಾಕಿದೆ. ಅದು ಇನ್ನೂ ಮಾರಾಟವಾಗುವ ಅಂಗಡಿ ಕಂಡರೆ ಪಾರಿವಾಳದವರೇ ಮೊದಲು ದೂರು ಕೊಡಬೇಕು. ಬಾಜಿ ಕಟ್ಟುವವರನ್ನು ಗೂಡಿನ ಹತ್ತಿರ ಬಿಟ್ಟುಕೊಳ್ಳಬೇಡಿ. ದುಡ್ಡು ಬಂದಲ್ಲಿ ಹಕ್ಕಿಗೆ ಔಷಧ ಚುಚ್ಚುವ ಯೋಚನೆಯೂ ಬರುತ್ತದೆ.

ತರಬೇತಿಗೆ ನಮ್ಮ ಸೀಮೆಯಷ್ಟು ಅನುಕೂಲದ ಸಾಲು ಇನ್ನೊಂದಿಲ್ಲ. ಚಿಕ್ಕೋಡಿಯಲ್ಲಿ ಗೂಡು ಇದ್ದವರು ಸೊಲ್ಲಾಪುರದ ದಿಕ್ಕಿಗೆ ನೋಡಿ: ರಾಯಬಾಗ 20 ಕಿಲೋಮೀಟರ್, ಕುಡಚಿ 35, ಅಥಣಿ ಸುಮಾರು 60, ಆಮೇಲೆ ಜತ್ತ 95. ಜತ್ತದಲ್ಲೂ ಕನ್ನಡ ಮಾತಾಡುವವರು ಸಿಗುತ್ತಾರೆ, ಸೊಲ್ಲಾಪುರದಲ್ಲೂ. ಮೊದಲು ಊರ ಹೊರಗಿನ ಐದು ಕಿಲೋಮೀಟರಿನಿಂದ ಆರಂಭಿಸಿ ಒಂದೊಂದೇ ಮೆಟ್ಟಿಲು ಏರಿ. ಕೃಷ್ಣೆಯ ದಂಡೆಯಲ್ಲಿ ಮಂಜು ಕವಿದ ಮುಂಜಾನೆ ಬುಟ್ಟಿ ತೆರೆಯಬೇಡಿ. ಬಿಸಿಲು ಏರಿ ದಿಗಂತ ಕಾಣುವ ತನಕ ಕಾಯಿರಿ. ಹಕ್ಕಿಗೆ ಹೋಗುವ ಮೊದಲೂ ನೀರು ಕುಡಿಸಿ, ಬಂದ ಮೇಲೂ ಮೊದಲು ನೀರು, ಆಮೇಲೆ ಕಾಳು.

ಒಂದು ವಹಿ ಇಡಿ. ರಿಂಗಿನ ನಂಬರು, ಜೋಡಿ ಹಾಕಿದ ದಿನ, ತತ್ತಿಯ ದಿನ, ಕಳಿಸಿದಾಗ ಕಾವು ಎಷ್ಟನೆಯ ದಿನ, ಗಾಳಿ ಯಾವ ಕಡೆಯದು, ಬಂದ ಹೊತ್ತು. ಎರಡು ಹಂಗಾಮು ಬರೆದರೆ ನಿಮ್ಮ ಗೂಡಿನ ಯಾವ ಹೆಣ್ಣು ಕಾವಿನ ಮೇಲೆ ಬರುತ್ತದೆ, ಯಾವುದು ಮರಿಯ ಮೇಲೆ ಬರುತ್ತದೆ ಎಂಬುದನ್ನು ಬೆಲ್ಜಿಯಂನವರನ್ನು ಕೇಳಬೇಕಾಗುವುದಿಲ್ಲ. ಮೂರನೆಯ ವರ್ಷ, ಮನೆಯಲ್ಲಿ ಹೊತ್ತಿಗೆ ಸರಿಯಾಗಿ ಬಾಗಿಲು ತೆಗೆಯುವ ಒಂದು ಕೈ ಇದ್ದರೆ, ಸುತ್ತಿನ ಗೆಳೆಯರು ಕೂಡಿ ವಾರಕ್ಕೊಂದು ಹಾರಾಟ ಏರ್ಪಡಿಸಿದರೆ, ಎರಡು ಗಂಡುಗಳನ್ನು ಅಗಲಿಸಿ ಇಟ್ಟು ನೋಡಿ. ಉಳಿದ ನಾಲ್ಕು ಜೋಡಿ ಹಾಗೇ ಇರಲಿ. ಎರಡೂ ಬಗೆಯವನ್ನು ಒಂದೇ ಬುಟ್ಟಿಯಲ್ಲಿ ಜತ್ತಕ್ಕೆ ಒಯ್ದು ಬಿಟ್ಟು, ಬಂದ ಹೊತ್ತನ್ನು ಆ ವಹಿಯಲ್ಲೇ ಎದುರು ಬದುರು ಬರೆಯಿರಿ.